ಕುಂಡ ಬದಲಿಸಿದರೆ ತುಳಸಿ ಬದಲಾಗುವಳೇ?

ಕುಂಡದಲ್ಲಿ ಬೆಳೆದ ತುಳಸಿ ಗಿಡವೂ ಹೌದು, ದೇವತೆಯೂ ಹೌದು. ಗಿಡವಾಗಿ ಅದಕ್ಕೆ ಮಣ್ಣು, ನೀರು, ಬಿಸಿಲು ಬೇಕು; ದೇವತೆಯಾಗಿ ದಿನವೂ ದೀಪ, ಅರಿಶಿನ-ಕುಂಕುಮ, ಪ್ರದಕ್ಷಿಣೆ ಸಲ್ಲುತ್ತದೆ. ಕುಂಡ ಕಿರಿದಾದಾಗ ಪೂಜಿಸುವವರ ಮನಸ್ಸಿನಲ್ಲಿ ಅಳುಕು ಹುಟ್ಟುವುದು ಸಹಜ. ಕೈಮುಗಿದು ಪೂಜಿಸಿದ ಗಿಡವನ್ನು ಬುಡಸಮೇತ ಎತ್ತಬಹುದೇ? ಎತ್ತಿದರೆ ಅಲ್ಲಿದ್ದ ಸಾನ್ನಿಧ್ಯ ಏನಾಗುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಮೊದಲು ಗಿಡವನ್ನು, ಅನಂತರ ಶಾಸ್ತ್ರವನ್ನು ನೋಡಬೇಕು.

ತುಳಸಿಯ ಸಸ್ಯಶಾಸ್ತ್ರೀಯ ಹೆಸರು ಓಸಿಮಮ್ ಟೆನ್ಯುಫ್ಲೋರಮ್. ಪುದೀನ, ಕಾಮಕಸ್ತೂರಿ, ದೊಡ್ಡಪತ್ರೆಗಳು ಇದೇ ಕುಟುಂಬಕ್ಕೆ ಸೇರಿದವು. ಇದು ಕೆಲವು ವರ್ಷ ಬಾಳುವ ಗಿಡ. ವಯಸ್ಸಾದಂತೆ ಬುಡ ಕಟ್ಟಿಗೆಯಂತೆ ಬಲಿಯುತ್ತದೆ. ನೆಲದಲ್ಲಿದ್ದರೆ ಬೇರು ತನಗೆ ಬೇಕಾದತ್ತ ಹರಡೀತು. ಕುಂಡದಲ್ಲಿ ಆ ದಾರಿ ಇಲ್ಲ; ಗೋಡೆಗೆ ತಾಗಿದ ಬೇರು ಅಲ್ಲೇ ತಿರುಗಿ ಸುತ್ತು ಹಾಕತೊಡಗುತ್ತದೆ.

ಜಾಗ ಸಾಲದು ಎಂಬುದನ್ನು ಗಿಡ ತಾನೇ ತಿಳಿಸುತ್ತದೆ. ತಳದ ತೂತಿನಿಂದ ಬೇರು ಹೊರಗೆ ಇಣುಕುತ್ತದೆ. ಹಾಕಿದ ನೀರು ಮಣ್ಣಿನಲ್ಲಿ ನಿಲ್ಲದೆ ಅಂಚಿನಿಂದ ಇಳಿದು ಕ್ಷಣದಲ್ಲಿ ತಟ್ಟೆಗೆ ಬರುತ್ತದೆ. ಬೆಳಿಗ್ಗೆ ನೀರುಂಡ ಗಿಡ ಮಧ್ಯಾಹ್ನಕ್ಕೇ ಬಾಡುತ್ತದೆ. ಹೊಸ ಎಲೆಗಳು ಚಿಕ್ಕವಾಗುತ್ತವೆ. ಆದರೆ ಕೆಳಗಿನ ಎಲೆ ಹಳದಿಯಾದ ಮಾತ್ರಕ್ಕೆ ಕುಂಡ ಸಾಲದು ಎನ್ನುವಂತಿಲ್ಲ. ತೂತಿಲ್ಲದ ಕುಂಡಕ್ಕೆ ಪೂಜೆಯ ನೆಪದಲ್ಲಿ ದಿನವೂ ಚೊಂಬು ನೀರು ಸುರಿದರೂ ಬೇರು ಕೊಳೆತು ಎಲೆ ಹಳದಿಯಾಗುತ್ತದೆ. ಆಗ ಬೇಕಾದದ್ದು ನೀರು ಬಸಿಯುವ ದಾರಿ.

ಇನ್ನೊಂದು ಗುರುತು ಪೂಜೆಯ ನಡುವೆಯೇ ಸಿಗುತ್ತದೆ. ಕಾರ್ತಿಕ ಶುದ್ಧ ದ್ವಾದಶಿಯಂದು, ಅಂದರೆ ಉತ್ಥಾನ ದ್ವಾದಶಿಯ ಸಂಜೆ, ಕರ್ನಾಟಕದ ಮನೆಗಳಲ್ಲಿ ತುಳಸಿಯ ಪಕ್ಕದಲ್ಲಿ ಕಾಯಿಬಿಟ್ಟ ನೆಲ್ಲಿಯ ಕೊಂಬೆಯನ್ನು ನೆಟ್ಟು ವಿವಾಹ ನಡೆಸುತ್ತಾರೆ. ಕೊಂಬೆ ಮಣ್ಣಿಗೆ ಸಲೀಸಾಗಿ ಇಳಿದರೆ ಒಳಗೆ ಇನ್ನೂ ಜಾಗವಿದೆ. ಎಷ್ಟು ಒತ್ತಿದರೂ ಇಳಿಯದಿದ್ದರೆ ಕುಂಡದ ತುಂಬ ಬೇರು ಹೆಣೆದುಕೊಂಡಿದೆ. ಆಗ ಬಲವಂತವಾಗಿ ಚುಚ್ಚಿದರೆ ಬೇರು ಹರಿಯುತ್ತದೆ. ಕೊಂಬೆಯನ್ನು ಕುಂಡಕ್ಕೆ ಒರಗಿಸಿ ಕಟ್ಟುವುದೇ ಮೇಲು.

ಇನ್ನು ಸಾನ್ನಿಧ್ಯದ ಪ್ರಶ್ನೆ. ನಿತ್ಯ ಪಠಿಸುವ ತುಳಸಿಯ ಪ್ರಾರ್ಥನೆ ಬುಡದಲ್ಲಿ ತೀರ್ಥಗಳನ್ನೂ ನಡುವೆ ದೇವತೆಗಳನ್ನೂ ತುದಿಯಲ್ಲಿ ವೇದಗಳನ್ನೂ ಕಾಣುತ್ತದೆ. ಬೇರಿನಿಂದ ಕುಡಿಯವರೆಗೆ ಇಡೀ ಗಿಡವನ್ನು ಅದು ಪವಿತ್ರವೆಂದು ಹೇಳುತ್ತದೆ. ಕುಂಡದ ಮಾತು ಅದರಲ್ಲಿಲ್ಲ. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ಮಗ ಶ್ವೇತಕೇತುವಿಗೆ ಮರವನ್ನೇ ತೋರಿಸಿ ಪಾಠ ಹೇಳುತ್ತಾನೆ: ಜೀವ ತುಂಬಿದ ಮರ ನೀರು ಹೀರುತ್ತ ಸಂತೋಷದಿಂದ ನಿಲ್ಲುತ್ತದೆ, ಜೀವ ಬಿಟ್ಟುಹೋದ ಕೊಂಬೆ ಒಣಗುತ್ತದೆ. ಮನುಸ್ಮೃತಿಯ ಮೊದಲ ಅಧ್ಯಾಯವೂ ಗಿಡಮರಗಳಿಗೆ ಒಳಗಿನ ಅರಿವಿದೆ, ಸುಖದುಃಖಗಳಿವೆ ಎನ್ನುತ್ತದೆ. ಜೈನ ದರ್ಶನದಲ್ಲಿ ಸಸ್ಯ ಒಂದೇ ಇಂದ್ರಿಯವುಳ್ಳ ಜೀವ. ಈ ಮಾತುಗಳನ್ನು ಒಪ್ಪುವವರಿಗೆ ಬೇರು ಉಸಿರುಗಟ್ಟಿದ ತುಳಸಿಯನ್ನು ಹಾಗೇ ಬಿಡುವುದು ನಿರ್ದೋಷವಾದ ಸುಮ್ಮನಿರುವಿಕೆ ಆಗಲಾರದು.

ವೇದಾಂತದ ಪಂಥಗಳು ಇದನ್ನು ಬೇರೆ ಬೇರೆ ದಾರಿಯಲ್ಲಿ ಬಿಡಿಸುತ್ತವೆ. ಅದ್ವೈತಕ್ಕೆ ಮಡಕೆಯ ಉದಾಹರಣೆ ಬಹಳ ಹಳೆಯದು. ಗೌಡಪಾದರ ಕಾರಿಕೆಗಳಲ್ಲೇ ಅದು ಬರುತ್ತದೆ. ಮಡಕೆಯೊಳಗಿನ ಆಕಾಶ ಬೇರೆಯಾಗಿ ಕಂಡರೂ ಮಡಕೆ ಒಡೆದಾಗ ಆಕಾಶಕ್ಕೆ ಏನೂ ಆಗುವುದಿಲ್ಲ. ಅದರಂತೆ ಕುಂಡ ಬದಲಾದರೆ ಬದಲಾದದ್ದು ಉಪಾಧಿ, ಅಂದರೆ ಹೊರಗಿನ ಆವರಣ ಮಾತ್ರ. ದ್ವೈತದಲ್ಲಿ ಜಡ, ಜೀವ, ಈಶ್ವರ ಮೂರೂ ಬೇರೆ ಬೇರೆ. ಗಿಡದ ದೇಹ ಜಡ, ಅದರಲ್ಲಿರುವುದು ಜೀವ, ಆ ಜೀವನನ್ನು ಒಳಗಿದ್ದು ನಡೆಸುವವನು ಅಂತರ್ಯಾಮಿಯಾದ ವಿಷ್ಣು. ಕುಂಡವನ್ನು ಸರಿಸಿದ ಕೈ ಅಂತರ್ಯಾಮಿಯನ್ನು ಸರಿಸಲಾರದು. ಒಂದು ಪಂಥ ಭೇದವನ್ನು ಅಳಿಸಿ, ಇನ್ನೊಂದು ಭೇದವನ್ನು ಎತ್ತಿಹಿಡಿದು ಹೇಳಿದರೂ ಈ ಪ್ರಶ್ನೆಯ ಮಟ್ಟಿಗೆ ಉತ್ತರ ಒಂದೇ ಕಡೆ ಬಂದು ಸೇರುತ್ತದೆ.

ಆಚರಣೆಯಲ್ಲೂ ಇದಕ್ಕೆ ಆಧಾರವಿದೆ. ದೇವಸ್ಥಾನದ ಗರ್ಭಗುಡಿ ಜೀರ್ಣವಾದಾಗ ಮೂರ್ತಿಯ ಕಲೆಯನ್ನು, ಅಂದರೆ ದೈವಶಕ್ತಿಯನ್ನು, ಕಲಶಕ್ಕೆ ಆವಾಹಿಸಿ, ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿ ಪೂಜೆ ಮುಂದುವರಿಸಿ, ಜೀರ್ಣೋದ್ಧಾರ ಮುಗಿದ ಮೇಲೆ ಮತ್ತೆ ಪ್ರತಿಷ್ಠಾಪಿಸುತ್ತಾರೆ. ನೆಲೆಯನ್ನು ಸರಿಪಡಿಸುವುದೇ ಅಲ್ಲಿ ಸೇವೆ. ಮಣ್ಣಿನ ವಿಷಯದಲ್ಲಿ ರಾಘವೇಂದ್ರ ಸ್ವಾಮಿಗಳ ಉದಾಹರಣೆ ಇದೆ. ಅವರು 1671ರಲ್ಲಿ ಮಂತ್ರಾಲಯದಲ್ಲಿ ಬೃಂದಾವನ ಪ್ರವೇಶಿಸಿದರು. ಅಲ್ಲಿಂದ ತಂದ ಮೃತ್ತಿಕೆಯನ್ನಿಟ್ಟು ಊರೂರುಗಳಲ್ಲಿ ಮೃತ್ತಿಕಾ ಬೃಂದಾವನಗಳು ನಿಂತಿವೆ. ಹಿಡಿ ಮಣ್ಣು ಸಾನ್ನಿಧ್ಯವನ್ನು ಹೊತ್ತು ತರಬಲ್ಲದು ಎಂಬ ನಂಬಿಕೆ ಅದರ ಬುನಾದಿ. ಅದೇ ನಂಬಿಕೆಯಿಂದ ಹಳೆಯ ಕುಂಡದ ಮಣ್ಣಿನಲ್ಲಿ ಒಂದಿಷ್ಟನ್ನು ಹೊಸ ಕುಂಡಕ್ಕೆ ಸೇರಿಸಿದರೆ ಮನಸ್ಸಿಗೂ ಸಮಾಧಾನ, ಗಿಡಕ್ಕೂ ಪರಿಚಿತ ನೆಲ.

ಕಾಲವನ್ನು ಆರಿಸುವಾಗ ಗಿಡದ ಅನುಕೂಲ ಮುಖ್ಯ. ಮೊದಲ ಮಳೆಗಳು ಬಿದ್ದು ಧಗೆ ತಗ್ಗಿದ ಜ್ಯೇಷ್ಠ-ಆಷಾಢದ ದಿನಗಳು ತುಂಬ ಒಳ್ಳೆಯವು. ಕಡುಬೇಸಿಗೆಯಲ್ಲಿ ಬೇರು ಹಿಡಿಯುವ ಮುನ್ನ ಎಲೆ ಬಾಡುತ್ತದೆ; ಚಳಿಗಾಲದಲ್ಲಿ ಬೆಳವಣಿಗೆಯೇ ನಿಧಾನ. ಮಂಗಳವಾರ, ಶುಕ್ರವಾರ, ಏಕಾದಶಿ, ದ್ವಾದಶಿಗಳಂದು ತುಳಸಿಯನ್ನು ಕೀಳಬಾರದು ಎಂಬ ಕಟ್ಟಳೆ ಮನೆಮನೆಗೆ ಸ್ವಲ್ಪ ಬೇರೆಯಾಗಿ ನಡೆದುಬಂದಿದೆ. ಅದು ದಳ ಬಿಡಿಸುವುದಕ್ಕೆ ಹೇಳಿದ ನಿಯಮ. ಗಿಡದ ಶುಶ್ರೂಷೆಗೂ ಅದನ್ನು ಗೌರವದಿಂದ ಪಾಲಿಸಲು ಅಡ್ಡಿಯಿಲ್ಲ, ಒಂದೆರಡು ದಿನ ಕಾದರೆ ಗಿಡಕ್ಕೆ ನಷ್ಟವಿಲ್ಲ. ಆದರೆ ಬೇರು ಕೊಳೆಯುತ್ತಿರುವಾಗ ತಿಥಿ ನೋಡುತ್ತ ಕೂರುವುದು ನಿಯಮದ ಆಶಯಕ್ಕೇ ವಿರುದ್ಧ.

ಕೆಲಸ ಸಂಜೆ ಮಾಡಬೇಕು. ಹಿಂದಿನ ದಿನ ನೀರು ಹಾಕಿದ್ದರೆ ಮಣ್ಣು ಉದುರುವುದಿಲ್ಲ. ಕಾಂಡ ಹಿಡಿದು ಎಳೆಯಬಾರದು. ಎಡ ಅಂಗೈಯನ್ನು ಮಣ್ಣಿನ ಮೇಲೆ ಹರಡಿ, ಬೆರಳ ಸಂದಿಯಲ್ಲಿ ಬುಡ ಬರುವಂತೆ ಹಿಡಿದು, ಕುಂಡವನ್ನು ಬೋರಲಾಗಿಸಿ ಅಂಚನ್ನು ಮೆಲ್ಲಗೆ ತಟ್ಟಿದರೆ ಇಡೀ ಗಂಟು ಕೈಗೆ ಬರುತ್ತದೆ. ಅದು ಕುಂಡದ ಅಚ್ಚನ್ನೇ ಹೊತ್ತಿರುತ್ತದೆ. ತಳದಲ್ಲಿ ಬೇರು ಸಿಂಬೆಯಂತೆ ಸುತ್ತಿಕೊಂಡಿರುತ್ತದೆ. ಆ ಸುತ್ತನ್ನು ಬೆರಳಿನಿಂದ ಸಡಿಲಿಸಿ, ಕಪ್ಪಾಗಿ ಮೆತ್ತಗಾದ ಬೇರುಗಳನ್ನು ಕತ್ತರಿಸಬೇಕು. ಹೊಸ ಕುಂಡ ಹಳೆಯದಕ್ಕಿಂತ ಎರಡು ಅಂಗುಲ ಅಗಲವಿದ್ದರೆ ಸಾಕು. ತೀರ ದೊಡ್ಡದರಲ್ಲಿ ಮಣ್ಣು ಸದಾ ಒದ್ದೆಯಾಗಿದ್ದು ಬೇರಿಗೆ ಕೆಡುಕು. ತಳದ ತೂತಿನ ಮೇಲೆ ಹೆಂಚಿನ ಚೂರು ಇಟ್ಟು, ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಬೆರೆಸಿ ತುಂಬಬೇಕು. ಗಿಡ ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳದಲ್ಲಿ ಕೂರಬೇಕು. ಹೂಬಿಟ್ಟ ಕದಿರುಗಳನ್ನು ಬಿಡಿಸಿದರೆ ಗಿಡದ ಶಕ್ತಿ ಬೇರಿನತ್ತ ತಿರುಗುತ್ತದೆ. ಆ ಮಂಜರಿ ದೇವರ ಪೂಜೆಗೆ ಸಲ್ಲುತ್ತದೆ.

ನೆಟ್ಟ ಮೇಲೆ ತಳದಿಂದ ಬಸಿಯುವಷ್ಟು ನೀರು ಹಾಕಿ, ನಾಲ್ಕೈದು ದಿನ ಮಧ್ಯಾಹ್ನದ ಬಿಸಿಲು ತಪ್ಪಿಸಬೇಕು. ಈ ದಿನಗಳಲ್ಲಿ ಪೂಜೆ ನಿಲ್ಲಿಸಬೇಕಿಲ್ಲ. ದೀಪ ಬುಡದಿಂದ ಒಂದು ಮೊಳ ದೂರವಿರಲಿ, ಅರಿಶಿನ-ಕುಂಕುಮ ಕುಂಡದ ಮೈಗೆ ಸಲ್ಲಲಿ, ಹಾಲು ಬುಡಕ್ಕೆ ಬೀಳದಿರಲಿ. ಉಳಿದ ಹಳೆಯ ಮಣ್ಣನ್ನು ತುಳಿಯುವ ಕಡೆ ಚೆಲ್ಲದೆ ಬೇರೆ ಗಿಡಗಳ ಬುಡಕ್ಕೆ ಹಾಕಬಹುದು. ಒಡೆಯದ ಹಳೆಯ ಕುಂಡವನ್ನು ತೊಳೆದಿಟ್ಟರೆ ಅದಕ್ಕೂ ಕೆಲಸವಿದೆ: ಉದುರಿದ ಬೀಜದಿಂದ ತಾಯಿಗಿಡದ ಬುಡದಲ್ಲೇ ಮೊಳೆತ ಸಸಿಗೆ ಅದು ಸರಿಯಾದ ಅಳತೆ. ಹಳೆಯ ಗಿಡ ಒಂದು ದಿನ ಒಣಗಿದಾಗ ಅದರ ಕಾಂಡ ಮಣಿಸರವಾಗುತ್ತದೆ, ಪೂಜೆ ಆ ಸಸಿಗೆ ಮುಂದುವರಿಯುತ್ತದೆ.