ಬೆಕ್ಕು ಕಚ್ಚಿದರೆ ದೆವ್ವನಾ?

ಯೂತ್ ಮೀಟಿಂಗ್ ಆದ್ಮೇಲೆ ಒಬ್ಬ ತಂಗಿ ಬಂದಳು. "ಪಾಸ್ಟರ್, ನಮ್ಮ ಬೆಕ್ಕು ಇದ್ದಕ್ಕಿದ್ದ ಹಾಗೆ ಎಲ್ಲರಿಗೂ ಕಚ್ತಾ ಇದೆ, ನಿನ್ನೆ ಅಜ್ಜಿ ಕಾಲಿಗೆ. ದೆವ್ವ ಹಿಡಿದಿದೆ ಅಂತ ಅಪ್ಪ ಎಲ್ಲಾದ್ರೂ ಬಿಟ್ಟು ಬರ್ತಾರಂತೆ. ಪ್ರಾರ್ಥನೆ ಮಾಡಿ."

ಮಾಡಿದೆ. ಆಮೇಲೆ ಕೇಳಿದೆ: ಅಜ್ಜಿಗೆ ಇಂಜೆಕ್ಷನ್ ಆಯ್ತಾ? ಇಲ್ಲ. ದೇವರ ಮಕ್ಕಳೇ, ಕಚ್ಚಿದ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಅದೇ ದಿನ ಆಸ್ಪತ್ರೆಗೆ ಹೋಗಿ. ರೇಬೀಸ್ ಲಸಿಕೆ ಹಾಕಿಸಿಕೊಳ್ಳುವುದು ಅವಿಶ್ವಾಸ ಅಲ್ಲ!

ಎಲ್ಲದಕ್ಕೂ ದೆವ್ವದ ಹೆಸರು ಹೇಳೋದು ಸುಲಭ. ಬೆಕ್ಕು ನೋವನ್ನು ಮುಚ್ಚಿಡುವ ಪ್ರಾಣಿ. ಹಲ್ಲುನೋವೋ ಕೀಲುನೋವೋ ಇರಬಹುದು, ಪಶುವೈದ್ಯರಿಗೆ ತೋರಿಸಿ. ಕಿಟಕಿಯಾಚೆ ಬೇರೆ ಬೆಕ್ಕು ಕಂಡರೆ, ಅದು ಕೈಗೆ ಸಿಗದೆ ಪಕ್ಕದಲ್ಲಿರುವವರನ್ನೇ ಪರಚುವುದೂ ಉಂಟು. (ಆಫೀಸಿನ ಸಿಟ್ಟನ್ನು ಅಮ್ಮನ ಮೇಲೆ ತೀರಿಸ್ತೀವಲ್ಲ, ಹಾಗೆ.) ಹೊಡೆದರೆ ಹೆದರಿಕೆ ಹೆಚ್ಚಿ ಇನ್ನೂ ಕಚ್ಚುತ್ತದೆ. ಸಾಕಿದ ಪ್ರಾಣಿಯ ಪಾಡನ್ನು ತಿಳಿದುಕೊಳ್ಳುವವನೇ ನೀತಿವಂತ. ಜ್ಞಾನೋಕ್ತಿ 12:10 ಮನೆಗೆ ಹೋಗಿ ಓದಿ. ಬೀದಿಗೆ ಬಿಟ್ಟು ಬರೋದು ಬಿಡುಗಡೆ ಅಲ್ಲ.

ಸಿಟ್ಟಲ್ಲಿದ್ದಾಗ ಎತ್ತಿಕೊಳ್ಳಬೇಡಿ. ಅದಿರುವ ರೂಮಿನ ಬಾಗಿಲು ಹಾಕಿ, ಲೈಟ್ ಆರಿಸಿ, ಸುಮ್ಮನೆ ಬಿಡಿ. ಬನ್ನಿ, ಎದ್ದು ನಿಲ್ಲೋಣ. ಮನೆಯಲ್ಲಿ ನೋವಿದ್ದೂ ಹೇಳಲಾರದವರಿಗಾಗಿ ಪ್ರಾರ್ಥಿಸೋಣ.