ದುಡಿದ ದೇಹ ಮತ್ತು ಉಣ್ಣುವ ಹಕ್ಕು

ದುಡಿದವನಿಗೆ ಉಣ್ಣುವ ಹಕ್ಕುಂಟು ಎಂಬ ಮಾತನ್ನು ಅಲ್ಲಗಳೆಯುವವರು ಕನ್ನಡ ನಾಡಿನಲ್ಲಿ ವಿರಳ. ಕಾಯಕವನ್ನು ಬಾಳಿನ ನಡುಗಂಬವಾಗಿ ನಿಲ್ಲಿಸಿದ ಶರಣರ ನೆಲದಲ್ಲಿ ಅದು ಹಾಗಿರುವುದು ಸಹಜವೇ ಸರಿ. ಆದರೆ ಈ ಮಾತು ಇಂದು ಹೊಸದೊಂದು ವೇಷದಿಂದ ಮನೆಮನೆಯ ಪಂಕ್ತಿಯಲ್ಲಿ ಬಂದು ಕುಳಿತಿದೆ. ಮೈಯ ಭಾರವನ್ನು ಇಳಿಸಬೇಕೆಂದು ಊಟವನ್ನು ಮಿತಗೊಳಿಸಿದವನು ಬೆಳಗಿನಲ್ಲಿ ಒಂದು ಗಂಟೆ ನಡೆದು ಬಂದರೆ, ಆ ನಡಿಗೆಯಲ್ಲಿ ವ್ಯಯವಾದಷ್ಟನ್ನು ಅಂದೇ ತಿರುಗಿ ಉಣ್ಣಬಹುದೆ? ಇಲ್ಲವೆ ವ್ಯಯವಾದುದು ವ್ಯಯವಾಯಿತೆಂದು ಬಿಟ್ಟುಬಿಡತಕ್ಕದ್ದೆ? ಮೇಲ್ನೋಟಕ್ಕೆ ಇದು ವೈದ್ಯರು ಹೇಳಬೇಕಾದ ವಿಷಯವೆಂದು ತೋರುವುದು. ಅರ್ಧ ಪಾಲು ಅದು ನಿಜ. ಉಳಿದರ್ಧವು ಮನುಷ್ಯನು ತನ್ನ ಅನ್ನವನ್ನು ಯಾವ ಭಾವದಿಂದ ಸ್ವೀಕರಿಸುತ್ತಾನೆಂಬ ಪ್ರಶ್ನೆಯಾಗಿದೆ.

ಲೆಕ್ಕದ ಪಾಲನ್ನು ಮೊದಲು ನೋಡುವುದು ಲೇಸು. ಅನ್ನವನ್ನು ಶಾಖದ ಮಾನದಿಂದ ಅಳೆಯುವ ಪದ್ಧತಿ ಬಹಳ ಹಳೆಯದೇನೂ ಅಲ್ಲ. ಅಮೆರಿಕೆಯ ವಿಜ್ಞಾನಿ ವಿಲ್ಬರ್ ಆಟ್‌ವಾಟರ್ ೧೮೯೦ರ ದಶಕದಲ್ಲಿ ಮುಚ್ಚಿದ ಕೋಣೆಯೊಂದರೊಳಗೆ ಮನುಷ್ಯನನ್ನು ದಿನಗಟ್ಟಲೆ ಇರಿಸಿ, ಅವನು ಉಂಡುದನ್ನೂ ಉಸಿರಾಡಿದುದನ್ನೂ ಅವನ ಮೈಯಿಂದ ಹೊರಟ ಶಾಖವನ್ನೂ ಅಳೆದನು. ಒಂದು ಗ್ರಾಮು ಪಿಷ್ಟಕ್ಕೆ ೪, ಸಸಾರಜನಕಕ್ಕೆ ೪, ಕೊಬ್ಬಿಗೆ ೯ ಕ್ಯಾಲೊರಿ ಎಂದು ಇಂದಿಗೂ ಡಬ್ಬಿಗಳ ಮೇಲೆ ಅಚ್ಚಾಗುವ ಲೆಕ್ಕವು ಅವನ ಕೆಲಸದಿಂದಲೇ ಬಂದುದು. ೧೯೧೮ರಲ್ಲಿ ಲುಲು ಹಂಟ್ ಪೀಟರ್ಸ್ ಎಂಬ ವೈದ್ಯೆಯು, ಊಟವನ್ನು ರೊಟ್ಟಿಯ ಲೆಕ್ಕದಿಂದಲ್ಲ, ಕ್ಯಾಲೊರಿಯ ಲೆಕ್ಕದಿಂದ ಎಣಿಸಬೇಕೆಂದು ಗ್ರಂಥ ಬರೆದು ಆ ದೇಶದ ಅಡಿಗೆಮನೆಗಳಿಗೆ ಈ ಎಣಿಕೆಯನ್ನು ತಲುಪಿಸಿದಳು. ಪ್ರಯೋಗಶಾಲೆಯ ಮಾನವು ಅಂದಿನಿಂದ ಗೃಹಸ್ಥರ ಮಾನವಾಯಿತು. ಸೇರು, ಪಾವುಗಳಿಗಿಂತಲೂ ಸೂಕ್ಷ್ಮವಾದ ಮಾನವೆಂಬ ಗೌರವವೂ ಅದಕ್ಕೆ ದೊರೆಯಿತು.

ತಿರುಗಿ ಉಣ್ಣಬಹುದೆ ಎಂಬ ಪ್ರಶ್ನೆಗೆ ಲೆಕ್ಕದ ಉತ್ತರವು ಮಿತಿಯನ್ನು ಹೇಗೆ ಗೊತ್ತುಮಾಡಿದ್ದಾರೆಂಬುದರ ಮೇಲೆ ನಿಂತಿದೆ. ಒಬ್ಬನು ಕುಳಿತು ಕೆಲಸ ಮಾಡುವ ದಿನದಲ್ಲಿ ೨,೦೦೦ ಕ್ಯಾಲೊರಿಯನ್ನು ವ್ಯಯಿಸುವನೆಂದೂ, ದಿನಕ್ಕೆ ೫೦೦ ಕಡಿಮೆ ಉಣ್ಣಲು ನಿಶ್ಚಯಿಸಿರುವನೆಂದೂ ಇಟ್ಟುಕೊಳ್ಳಬಹುದು. ಅವನ ನಡಿಗೆಯ ನಿಜವಾದ ವ್ಯಯ ೧೭೦ ಆಗಿರಲಿ. ಈ ೧೭೦ನ್ನು ಮೊದಲೇ ಸೇರಿಸಿ ೧,೬೭೦ರ ಮಿತಿಯನ್ನು ಹಾಕಿಕೊಂಡವನು ನಡೆದು ಬಂದು ಮತ್ತೆ ೧೭೦ನ್ನು ಉಂಡರೆ, ಒಂದೇ ಕೂಲಿಯನ್ನು ಎರಡು ಬಾರಿ ಪಡೆದಂತಾಯಿತು. ಕುಳಿತ ದಿನದ ಲೆಕ್ಕದಂತೆ ೧,೫೦೦ರ ಮಿತಿಯನ್ನು ಹಾಕಿಕೊಂಡವನಾದರೋ ಆ ೧೭೦ನ್ನು ಉಂಡರೂ ತನ್ನ ನಿಶ್ಚಯದಿಂದ ಕದಲಲಿಲ್ಲ. ಇಬ್ಬರೂ ಅದೇ ಹಾದಿಯಲ್ಲಿ ನಡೆದವರು, ಅದೇ ತುತ್ತನ್ನು ಉಂಡವರು. ಒಬ್ಬನದು ತಪ್ಪು, ಇನ್ನೊಬ್ಬನದು ಸರಿ. ಈ ವಿಷಯದಲ್ಲಿ ನಡೆಯುವ ವಾದಗಳ ಹೆಚ್ಚಿನ ಪಾಲು ಈ ಭೇದವನ್ನು ಅರಿಯದೆ ನಡೆಯುವ ವಾದವೇ ಆಗಿದೆ.

ಇಷ್ಟಾದರೂ ಗಣಿತವು ಮುಗಿಯುವುದಿಲ್ಲ. ೭೦ ಕಿಲೋಗ್ರಾಂ ತೂಕದವನು ಗಂಟೆಗೆ ೫ ಕಿಲೋಮೀಟರಿನ ವೇಗದಲ್ಲಿ ಒಂದು ಗಂಟೆ ನಡೆದರೆ ಸುಮಾರು ೨೪೦ ಕ್ಯಾಲೊರಿ ವ್ಯಯವಾಗುವುದು. ಅವನು ಆ ಗಂಟೆಯನ್ನು ಜಗಲಿಯ ಮೇಲೆ ಸುಮ್ಮನೆ ಕುಳಿತು ಕಳೆದಿದ್ದರೂ ಅದರಲ್ಲಿ ಸುಮಾರು ೭೦ ವ್ಯಯವಾಗಿಯೇ ಇರುತ್ತಿತ್ತು. ಉಸಿರಾಟವೂ ಎದೆಬಡಿತವೂ ಯಾರ ಅಪ್ಪಣೆಯನ್ನೂ ಕಾಯುವುದಿಲ್ಲವಷ್ಟೆ. ಆದುದರಿಂದ ನಡಿಗೆಯ ಸ್ವಂತ ಪಾಲು ೧೭೦ ಮಾತ್ರ. ಮಣಿಕಟ್ಟಿಗೆ ಕಟ್ಟಿಕೊಳ್ಳುವ ಯಂತ್ರವು ಇದನ್ನು ಸರಿಯಾಗಿ ಹೇಳುವುದೆಂದು ನಂಬುವಂತಿಲ್ಲ. ೨೦೧೭ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಂತಹ ಏಳು ಯಂತ್ರಗಳನ್ನು ೬೦ ಮಂದಿಯ ಕೈಗೆ ಕಟ್ಟಿ ಪರೀಕ್ಷಿಸಿದಾಗ, ಎದೆಬಡಿತವನ್ನು ಅವುಗಳಲ್ಲಿ ಆರು ತಕ್ಕಮಟ್ಟಿಗೆ ಸರಿಯಾಗಿ ಎಣಿಸಿದವು. ಕ್ಯಾಲೊರಿಯ ವಿಷಯದಲ್ಲಿ ಮಾತ್ರ ಅತ್ಯುತ್ತಮವಾದುದೇ ಸರಾಸರಿ ನೂರಕ್ಕೆ ೨೭ರಷ್ಟು ತಪ್ಪಿತು, ಅತಿ ಕಳಪೆಯಾದುದು ೯೩ರಷ್ಟು ತಪ್ಪಿತು. ಕಿರಾಣಿ ಅಂಗಡಿಯ ತಕ್ಕಡಿಯು ಹೀಗೆ ತೂಗಿದರೆ ಆ ಅಂಗಡಿಗೆ ಎರಡನೆಯ ಸಲ ಯಾರೂ ಹೋಗಲಾರರು.

ಇದಕ್ಕಿಂತಲೂ ವಿಸ್ಮಯಕರವಾದ ಸಂಗತಿಯೊಂದುಂಟು. ಟಾಂಜಾನಿಯದ ಹಾಡ್ಜಾ ಜನರು ಬೇಟೆಯಾಡಿ, ಗೆಡ್ಡೆ ಅಗೆದು, ಜೇನು ಕಿತ್ತು ಬದುಕುವವರು. ಹರ್ಮನ್ ಪಾಂಟ್ಸರ್ ಮತ್ತು ಅವರ ಸಂಗಡಿಗರು ೨೦೧೨ರಲ್ಲಿ ಪ್ರಕಟಿಸಿದ ಶೋಧದಂತೆ ಆ ಜನರ ಗಂಡಸರು ದಿನಕ್ಕೆ ಸುಮಾರು ೧೧ ಕಿಲೋಮೀಟರು ನಡೆಯುವರು; ಆದರೂ ಮೈಯ ಅಳತೆಯ ಭೇದವನ್ನು ಕಳೆದು ನೋಡಿದರೆ, ಅವರ ದಿನದ ಒಟ್ಟು ವ್ಯಯವು ಕುರ್ಚಿಯಲ್ಲಿ ಕುಳಿತು ಬದುಕುವ ಪಾಶ್ಚಾತ್ಯರ ವ್ಯಯಕ್ಕಿಂತ ಹೆಚ್ಚಾಗಿರಲಿಲ್ಲ. ದೇಹವು ಒಂದೆಡೆ ಹೆಚ್ಚು ವೆಚ್ಚ ಮಾಡಿದಾಗ ಇನ್ನೊಂದೆಡೆ ಕೈ ಹಿಡಿಯುವುದೆಂಬುದು ಅವರ ಊಹೆ. ಇದರ ಪ್ರಮಾಣದ ವಿಷಯದಲ್ಲಿ ಪಂಡಿತರೊಳಗೆ ಇನ್ನೂ ಚರ್ಚೆ ನಡೆದಿದೆ. ೨೦೨೧ರಲ್ಲಿ ಸಾವಿರಾರು ಅಳತೆಗಳನ್ನು ಒಟ್ಟುಗೂಡಿಸಿ ನೋಡಿದವರು, ಚಟುವಟಿಕೆಯಿಂದ ವ್ಯಯವಾಯಿತೆನ್ನುವ ಪ್ರತಿ ನೂರರಲ್ಲಿ ಸುಮಾರು ೭೨ ಮಾತ್ರ ದಿನದ ಒಟ್ಟು ಲೆಕ್ಕದಲ್ಲಿ ಉಳಿಯುವುದೆಂದು ಕಂಡರು. ದೇಹವು ಜಾಣ ಗೃಹಿಣಿಯಂತೆ. ಹಬ್ಬಕ್ಕೆ ವೆಚ್ಚವಾದುದನ್ನು ಮರುವಾರದ ಸಂತೆಯಲ್ಲಿ ಸದ್ದಿಲ್ಲದೆ ಸರಿದೂಗಿಸುತ್ತದೆ.

ಹಾಗಾದರೆ ತೂಕವಿಳಿಸಲು ನಡೆಯುವ ಸಾಮಾನ್ಯ ಗೃಹಸ್ಥನು ಯಂತ್ರ ತೋರಿಸಿದ ಅಂಕಿಯನ್ನು ನಂಬಿ ತುಪ್ಪ ಹಾಕಿದ ಹೋಳಿಗೆಯೊಂದನ್ನು ಹೆಚ್ಚಿಗೆ ಹಾಕಿಸಿಕೊಂಡರೆ, ಆ ಗಂಟೆಯ ನಡಿಗೆಯೆಲ್ಲವೂ ಎಲೆಯ ಒಂದು ಮೂಲೆಯಲ್ಲಿಯೇ ಕರಗಿಹೋಗುವುದು. ನಡೆದುದು ವ್ಯರ್ಥವೆಂದಲ್ಲ. ಎದೆಗೂ ಕಾಲಿಗೂ ನಿದ್ರೆಗೂ ಅದರಿಂದಾಗುವ ಹಿತವನ್ನು ಯಾವ ಹೋಳಿಗೆಯೂ ಕಸಿಯಲಾರದು. ತೂಕದ ಲೆಕ್ಕದಲ್ಲಿ ಮಾತ್ರ ಅದು ಉಳಿಯದು.

ಇಲ್ಲಿಗೆ ಲೆಕ್ಕ ಮುಗಿದು ಧರ್ಮವಿಚಾರವು ತೊಡಗುವುದು. ನಡೆದದ್ದಕ್ಕೆ ಉಣ್ಣುತ್ತೇನೆ ಎಂಬ ಮಾತಿನಲ್ಲಿ ಅನ್ನವು ಕೂಲಿಯೆಂಬ ಭಾವನೆ ಅಡಗಿದೆ. ಅನ್ನವು ಕೂಲಿಯೇ ಆದರೆ ಹಸುಗೂಸು ಯಾವ ಕೂಲಿಯನ್ನು ಮಾಡಿತು? ಹಾಸಿಗೆ ಹಿಡಿದ ಅಜ್ಜಿ ಎಷ್ಟು ಹೆಜ್ಜೆ ನಡೆದಳು? ದಾಸೋಹದ ಪಂಕ್ತಿಯಲ್ಲಿ ಕುಳಿತವನನ್ನು ದುಡಿದು ಬಂದೆಯಾ ಎಂದು ಕೇಳಿ ಬಡಿಸುವ ವಾಡಿಕೆ ಎಲ್ಲಿಯೂ ಇಲ್ಲ. ಕಾಯಕವು ಕಡ್ಡಾಯವೆಂದ ಶರಣರೇ ದಾಸೋಹವನ್ನೂ ಅದರ ಜೊತೆಗೆ ಇಟ್ಟರು; ಉಣ್ಣುವ ಅಧಿಕಾರವನ್ನು ದುಡಿಮೆಯೊಂದಕ್ಕೇ ಕಟ್ಟಿಹಾಕಲಿಲ್ಲ. ದುಡಿಯಬಲ್ಲವನು ದುಡಿಯದಿರುವುದು ದೋಷ. ದುಡಿಯದ ದಿನ ಅವನ ಹಸಿವು ಅಪರಾಧವಾಗುವುದಿಲ್ಲ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಪ್ರಸಂಗವು ಇಲ್ಲಿ ನೆನಪಾಗದಿರದು. ಕಲ್ಯಾಣದ ಮಹಾಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚಾಗಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಅವನನ್ನು ತಿರುಗಿ ಕಳುಹಿಸಿದಳು. ಆ ಅಕ್ಕಿ ಕದ್ದುದಲ್ಲ, ಬೇಡಿದುದಲ್ಲ. ಬೆನ್ನು ಬಾಗಿಸಿ ಆಯ್ದುದೇ. ಶ್ರಮ ಹೆಚ್ಚಾಯಿತು, ಆದುದರಿಂದ ಅಕ್ಕಿಯೂ ಹೆಚ್ಚಾಗಲಿ ಎಂಬ ವಾದವನ್ನು ಆ ತಾಯಿ ಒಪ್ಪಲಿಲ್ಲ. ಎಷ್ಟು ದುಡಿದೆಯೆಂಬುದು ಅವಳ ಪ್ರಶ್ನೆಯಲ್ಲ, ಈ ಹೊತ್ತಿಗೆ ಎಷ್ಟು ಬೇಕೆಂಬುದೇ ಪ್ರಶ್ನೆ. ತೂಕವಿಳಿಸುವವನ ತಟ್ಟೆಯ ಮುಂದೆಯೂ ಕೇಳಬೇಕಾದುದು ಇದೇ.

ಆದರೆ ಲಕ್ಕಮ್ಮನ ಮಾತಿಗೆ ಇನ್ನೊಂದು ಮಗ್ಗುಲುಂಟು. ಅವಳು ಹೆಚ್ಚಿನ ಅಕ್ಕಿಯನ್ನು ಬೇಡವೆಂದಳೇ ಹೊರತು ಅಂದಿಗೆ ಬೇಕಾದ ಅಕ್ಕಿಯನ್ನಲ್ಲ. ಇದನ್ನು ಮರೆತವರು ನಡಿಗೆಯನ್ನು ದಂಡನೆಯಾಗಿ ಮಾಡಿಕೊಳ್ಳುತ್ತಾರೆ. ನಿನ್ನೆ ಮದುವೆಯ ಮನೆಯಲ್ಲಿ ಎರಡು ಹೋಳಿಗೆ ಉಂಡದ್ದಕ್ಕೆ ಇಂದು ಎರಡು ತಾಸು ಓಡಿ, ಮೇಲೆ ಉಪವಾಸವನ್ನೂ ಮಾಡುವುದು ದೇಹದಂಡನೆಯ ಹಳೆಯ ಮತದ ಹೊಸ ರೂಪ. ಮೈಯನ್ನು ದಂಡಿಸಿ ಪುಣ್ಯ ಗಳಿಸುವ ಮಾರ್ಗವನ್ನು ವಚನಕಾರರು ಮೆಚ್ಚಿದವರಲ್ಲ. ಹೆಚ್ಚು ಶ್ರಮಪಟ್ಟು ಬಹುಕಾಲ ಕಡಿಮೆ ಉಂಡರೆ ಮೂಳೆ ಸವೆಯುವುದು, ಹೆಂಗಸರಲ್ಲಿ ಮುಟ್ಟು ನಿಲ್ಲುವುದು, ರೋಗವನ್ನು ತಡೆಯುವ ಶಕ್ತಿ ಕುಂದುವುದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ೨೦೧೪ರಲ್ಲಿ ಕ್ರೀಡಾಪಟುಗಳ ಈ ಸ್ಥಿತಿಗೆ ಪ್ರತ್ಯೇಕವಾದ ಹೆಸರನ್ನೇ ಕೊಟ್ಟಿತು. ದಿನವಿಡೀ ಹೊಲದಲ್ಲಿ ಅಗೆಯುವವನು, ಕಟ್ಟಡದ ಕೆಲಸದಲ್ಲಿ ಕಲ್ಲು ಹೊರುವವನು, ದೂರದ ಓಟಕ್ಕೆ ಅಣಿಯಾಗುವ ಯುವಕ, ಇವರಿಗೆ ತಿರುಗಿ ಉಣ್ಣುವುದು ಲೋಭವಲ್ಲ, ಅವಶ್ಯಕತೆ. ಸಿಹಿಮೂತ್ರ ರೋಗಕ್ಕೆ ಇನ್ಸುಲಿನ್ ಚುಚ್ಚಿಸಿಕೊಳ್ಳುವವರಿಗಂತೂ ನಡಿಗೆಯ ನಂತರ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅವರು ವೈದ್ಯರು ವಿಧಿಸಿದಂತೆ ಉಣ್ಣಲೇಬೇಕು. ಮೊಲೆಯೂಡಿಸುವ ತಾಯಿಯ ಮಾತೂ ಬೇರೆಯೇ.

ಈ ವಿಚಾರದಲ್ಲಿ ಹೆಚ್ಚಾಗಿ ಯಾರೂ ಎತ್ತದಿರುವ ಮಾತೊಂದು ಉಳಿದಿದೆ. ಮನೆಯ ಯಜಮಾನನ ನಡಿಗೆಯು ಮನೆಮಂದಿಗೆಲ್ಲ ತಿಳಿದಿರುತ್ತದೆ. ಅದರ ಅಂಕಿಯೂ ತಿಳಿದಿರುತ್ತದೆ. ಅದೇ ಮನೆಯ ಗೃಹಿಣಿಯು ಕಸ ಗುಡಿಸಿ, ನೆಲ ಒರೆಸಿ, ಬಟ್ಟೆ ಒಗೆದು, ಹೊಗೆಯ ಮುಂದೆ ಕುಳಿತು ರೊಟ್ಟಿ ಬಡಿಯುವಳು. ದೈಹಿಕ ವ್ಯಯದ ಪಟ್ಟಿಗಳು ಕಸ ಗುಡಿಸುವ ಕೆಲಸವನ್ನು ಸಾಧಾರಣ ನಡಿಗೆಯ ಸಮಕ್ಕೇ ಇಟ್ಟಿವೆ. ಅವಳ ಕೈಗೆ ಯಂತ್ರವಿಲ್ಲ, ಅವಳ ಶ್ರಮಕ್ಕೆ ಅಂಕಿಯಿಲ್ಲ. ಎಲ್ಲರೂ ಎದ್ದ ಮೇಲೆ ಉಳಿದುದನ್ನು ಅವಳು ಉಣ್ಣುತ್ತಾಳೆ. ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ೧೫ರಿಂದ ೪೯ ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆಯುಂಟು. ಮೈ ತುಂಬಿದ್ದರೂ ರಕ್ತ ಕಡಿಮೆಯಿರುವುದು ಸಾಧ್ಯ; ತೂಕವಿಳಿಸಬೇಕೆಂದು ಅವಳಿಗೆ ಹೇಳುವವರು ಅನ್ನವನ್ನು ಕಡಿಮೆ ಮಾಡೆಂದು ಹೇಳುವ ಮೊದಲು ಸೊಪ್ಪು, ಕಾಳು, ಬೇಳೆ ಅವಳ ತಟ್ಟೆಗೆ ಬೀಳುತ್ತಿವೆಯೇ ಎಂದು ನೋಡತಕ್ಕದ್ದು. ಇದನ್ನು ನೋಡಲು ಯಂತ್ರ ಬೇಡ. ಮನೆಮಂದಿಯೆಲ್ಲ ಒಂದೇ ಹೊತ್ತಿಗೆ ಒಂದೇ ಪಂಕ್ತಿಯಲ್ಲಿ ಕುಳಿತರೆ, ಯಾರ ತಟ್ಟೆಯಲ್ಲಿ ಏನಿದೆಯೆಂಬುದು ಕಣ್ಣಿಗೇ ಕಾಣುವುದು.