ಇಂದಿನ ಧಮ್ಮ ಚಿಂತನೆ: ಭಾರ ಬಿದ್ದ ಮೇಲೆ ಬಿಗಿಯಬೇಕು



ತುಮಕೂರಿನಿಂದ ಕುಣಿಗಲ್‌ಗೆ ಹೋಗುವಾಗ ನನ್ನ ಹಳೆ ಮಾರುತಿ ಕಾರು ಗುಂಡಿ, ಹಂಪ್ಸ್ ಸಿಕ್ಕಲ್ಲೆಲ್ಲ ಕಟಕಟ ಎನ್ನುತ್ತಿತ್ತು. ಮುಂದಿನ ಲೋಯರ್ ಆರ್ಮ್‌ನ ರಬ್ಬರ್ ಬುಷ್ ಸವೆದು ಸೀಳಿತ್ತು. ಮನೆ ಮುಂದೆಯೇ ಜಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಇಟ್ಟು, ಸೋಪಿನ ನೀರು ಹಚ್ಚಿ ಹೊಸ ಬುಷ್ ಒತ್ತಿ ಕೂರಿಸಿದೆ. ಚಕ್ರ ಇನ್ನೂ ನೇತಾಡುತ್ತಿರುವಾಗಲೇ ಶಕ್ತಿಯೆಲ್ಲ ಹಾಕಿ ಬೋಲ್ಟ್ ಬಿಗಿದೆ. ಕೆಲವೇ ತಿಂಗಳಲ್ಲಿ ಮತ್ತೆ ಕಟಕಟ.

ಗುಬ್ಬಿಯ ಹಿರಿಯ ಮೆಕ್ಯಾನಿಕ್ ಒಬ್ಬರು ಹರಿದ ಬುಷ್ ನೋಡಿ, "ಎತ್ತಿದ ಗಾಡೀಲೇ ಟೈಟ್ ಮಾಡಿದ್ರಾ ಸಾರ್?" ಎಂದರು.

ಬುಷ್ ಬೇರಿಂಗ್‌ನಂತೆ ಸುತ್ತುವುದಿಲ್ಲ. ಅದರ ಒಳಗಿನ ಕಬ್ಬಿಣದ ಕೊಳವೆಯನ್ನು ಬೋಲ್ಟ್ ಹಿಡಿದಿರುತ್ತದೆ. ಆರ್ಮ್ ಮೇಲೆ ಕೆಳಗೆ ಆಡಿದಾಗ ರಬ್ಬರ್ ತಿರುಚಿಕೊಂಡು ಮತ್ತೆ ಮೊದಲಿನಂತಾಗುತ್ತದೆ. ನೇತಾಡುವಾಗ ಬಿಗಿದರೆ, ಗಾಡಿ ಇಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ. ನಿಂತಾಗಲೂ ಅದಕ್ಕೆ ಬಿಡುವಿಲ್ಲ. ಆದ್ದರಿಂದ ಮೊದಲು ಬೋಲ್ಟನ್ನು ಸಡಿಲವಾಗಿ ಕೂರಿಸಿ, ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಕೊನೆಯ ಬಿಗಿ ಕೊಡಬೇಕು.

ಆ ರಾತ್ರಿ ನನಗೆ ಅಪ್ಪನ ತಿಥಿ ನೆನಪಾಯಿತು.

ವಿಹಾರದಲ್ಲಿ 22 ಪ್ರತಿಜ್ಞೆಗಳನ್ನು ಗಟ್ಟಿ ದನಿಯಲ್ಲಿ ಹೇಳಿದವನು ನಾನು. ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂಬುದೂ ಅವುಗಳಲ್ಲಿದೆ. ಆದರೆ ಅಪ್ಪ ತೀರಿಕೊಂಡಾಗ ದೊಡ್ಡಪ್ಪ, "ನನ್ ತಮ್ಮುನ್ನ ಅಲೆಯೋ ಹಂಗೆ ಮಾಡ್ತೀಯೇನೋ?" ಎಂದು ಅತ್ತರು. ಅವ್ವ ಮಾತಾಡದೆ ನನ್ನ ಮುಖ ನೋಡಿದಳು. ನಾನು ತಲೆ ಬೋಳಿಸಿಕೊಂಡು ಪಿಂಡ ಇಟ್ಟೆ.

ಇಷ್ಟು ವರ್ಷ ದೊಡ್ಡಪ್ಪನನ್ನೇ ದೂರುತ್ತಿದ್ದೆ. ಆದರೆ ಪ್ರತಿಜ್ಞೆಯನ್ನು ಮನೆಯ ಭಾರ ಬೀಳದ ಕಡೆ ಬಿಗಿದವನು ನಾನೇ. ಅದನ್ನು ಏಕೆ ತೆಗೆದುಕೊಂಡೆ ಎಂದು ಅವ್ವನಿಗಾಗಲಿ ದೊಡ್ಡಪ್ಪನಿಗಾಗಲಿ ಒಂದು ದಿನವೂ ಕೂತು ಹೇಳಿರಲಿಲ್ಲ.

ಒಬ್ಬನೇ ಇರುವವನಿಗೆ ಧಮ್ಮ ಬೇಕಾಗದು, ಇಬ್ಬರು ಕೂಡಿ ಬಾಳುವಲ್ಲಿ ಅದಿಲ್ಲದೆ ಆಗದು ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಕೃತಿಯಲ್ಲಿ ತಿಳಿಸುತ್ತಾರೆ. ಎರಡು ಕಬ್ಬಿಣಗಳ ನಡುವೆ ಬುಷ್ ಇರುವಂತೆ, ಮನುಷ್ಯ ಮನುಷ್ಯರ ನಡುವೆ ಧಮ್ಮ. 1956ರ ಅಕ್ಟೋಬರ್ 14ರಂದು ಅವರು ನಾಗಪುರದಲ್ಲಿ ದೀಕ್ಷೆ ಪಡೆದದ್ದೂ ಪತ್ನಿ ಸವಿತಾ ಅವರೊಂದಿಗೆ, ಲಕ್ಷಾಂತರ ಜನರ ಎದುರಿನಲ್ಲಿ.

ಹೋದ ವಾರ ಅವ್ವನ ಪಕ್ಕ ಕೂತು ಪ್ರತಿಜ್ಞೆಗಳನ್ನು ಒಂದೊಂದಾಗಿ ಓದಿ ಹೇಳಿದೆ. ಎಲ್ಲ ಕೇಳಿದ ಮೇಲೆ ಅವಳು, "ಸರಿ ಕಣಪ್ಪ. ನಾನು ಹೋದಾಗ ನಿಮ್ ದೊಡ್ಡಪ್ಪಂಗೆ ಏನಂತ ಹೇಳ್ತೀಯ?" ಎಂದಳು. ಈ ಭಾನುವಾರ ಅವರ ಮನೆಗೆ ಹೋಗುತ್ತಿದ್ದೇನೆ.

ಇಂದಿನ ಅಭ್ಯಾಸ: ಒಂದೇ ಒಂದು ಪ್ರತಿಜ್ಞೆಯನ್ನು ಮನೆಯವರ ಮುಂದೆ ಓದಿ. ಅವರ ಪ್ರಶ್ನೆಗಳನ್ನು ಕೋಪವಿಲ್ಲದೆ ಕೇಳಿ. ಆಮೇಲೆ ಬಿಗಿಯಿರಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.